ಉಪವಾಸದ ಉ, ಊಟದ ಊ

ನಮ್ಮ ಪ್ರಯೋಗಾಲಯದಲ್ಲಿ ಉಪವಾಸ ಮಾಡುತ್ತಿದ್ದದ್ದು ಮನುಷ್ಯರಲ್ಲ, ಇಲಿಯ ಮೂತ್ರಪಿಂಡದ ಜೀವಕೋಶಗಳು. ಅವುಗಳನ್ನು ಉಪವಾಸಕ್ಕೆ ಕೂರಿಸುತ್ತಿದ್ದವರು ನನ್ನ ಮಾರ್ಗದರ್ಶಕಿ. ಶಿವಮೊಗ್ಗದ ಒಂದು ಕಾಲೇಜಿನ ಜೀವರಸಾಯನ ವಿಭಾಗದಲ್ಲಿ ಅವರು ಪ್ರಾಧ್ಯಾಪಕರಾಗಿದ್ದರು. ನಾನು ಭದ್ರಾವತಿಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುತ್ತಿದ್ದ ಅವರ ಕೊನೆಯ ಪಿಎಚ್‌ಡಿ ವಿದ್ಯಾರ್ಥಿನಿ. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ಇಲ್ಲಿಯೂ ಅಷ್ಟೇ ಸಾಕು. ಹೆಸರು ಬರೆದರೆ, "ಯಾಕ್ ಮಾರಾಯ್ತಿ, ನನ್ನ ಹೆಸರು ಹಾಕಿದ್ರೆ ಕಿಣ್ವ ಜಾಸ್ತಿ ಕೆಲಸ ಮಾಡತ್ತಾ?" ಎಂದು ಕೇಳುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ವಿನೋಬನಗರದ ಅವರ ಬಾಡಿಗೆ ಮನೆಯನ್ನು ಖಾಲಿ ಮಾಡುವ ದಿನ ನಾನೂ ಹೋಗಿದ್ದೆ. ಆ ದಿನದ ಮಾತಿಗೆ ಬರುವ ಮೊದಲು ಉಪವಾಸವನ್ನು ವಿವರಿಸಬೇಕು.

ದೇಹದ ಹೊರಗೆ, ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಜೀವಕೋಶಗಳನ್ನು ಬೆಳೆಸಲು ಸಕ್ಕರೆ, ಲವಣ ಮುಂತಾದವು ಬೆರೆತ ಗುಲಾಬಿ ಬಣ್ಣದ ದ್ರಾವಣ ಬೇಕು. ಅದಕ್ಕೆ ಸೀರಮ್, ಅಂದರೆ ರಕ್ತದ ತಿಳಿಭಾಗ, ಸೇರಿಸಿದರೆ ಅವು ಹುಲುಸಾಗಿ ಬೆಳೆಯುತ್ತವೆ. ಸೀರಮ್‌ನಲ್ಲಿ ಜೀವಕೋಶಕ್ಕೆ ಬೆಳೆಯೆಂದು ಹೇಳುವ ಗ್ರೋತ್ ಫ್ಯಾಕ್ಟರ್‌ಗಳು ಹಲವಾರು ಇರುತ್ತವೆ. ಅವುಗಳಲ್ಲಿ ಒಂದೇ ಒಂದರ ಪರಿಣಾಮ ತಿಳಿಯಬೇಕಾದರೆ ಮೊದಲು ಜೀವಕೋಶಗಳನ್ನು ಒಂದು ದಿನ ಸೀರಮ್ ಇಲ್ಲದೆ ಇಡಬೇಕು. ಬೇರೆ ಕಡೆ ಇದನ್ನು ಹಸಿವಿಗೆ ಕೆಡಹುವುದು ಎಂಬರ್ಥದ ಮಾತಿನಿಂದ ಕರೆಯುತ್ತಾರೆ. ಮೇಡಂಗೆ ಅದು ಹಿಡಿಸುತ್ತಿರಲಿಲ್ಲ.

"ಹಸಿವು ಅಂದ್ರೆ ಇಲ್ಲದೇ ಇರೋದು. ಉಪವಾಸ ಅಂದ್ರೆ ನಾಳೆ ಸಿಗತ್ತೆ ಅಂತ ಗೊತ್ತಿದ್ದು ಇವತ್ತು ತಿನ್ನದೇ ಇರೋದು. ಇವಕ್ಕೆ ನಾಳೆ ನಾನು ಕೊಡ್ತೀನಿ ತಾನೆ?"

ಅವರು ಸ್ವತಃ ಉಪವಾಸ ಮಾಡಿದ್ದನ್ನು ನಾನು ನೋಡಿಲ್ಲ. ಒಂದು ಶಿವರಾತ್ರಿಯ ದಿನ ಭದ್ರಾವತಿಯಿಂದ ಅವರ ತಾಯಿ ಫೋನ್ ಮಾಡಿ ಉಪವಾಸ ಇದ್ದೀಯಾ ಎಂದು ಕೇಳಿದರು. ಮೇಡಂ ಬಾಯಲ್ಲಿದ್ದ ಉಪ್ಪಿಟ್ಟನ್ನು ನುಂಗಿ, "ಹ್ಞೂ ಅವ್ವ, ಬೆಳಿಗ್ಗೆಯಿಂದ ಆರು ತಟ್ಟೆ ಉಪವಾಸ" ಎಂದರು. ಆ ಕಡೆಯಿಂದ ಏನೋ ಬೈಗುಳ ಬಂತು. "ಇಲ್ಲವ್ವ, ಸುಳ್ಳಲ್ಲ. ಬೇಕಾದ್ರೆ ನನ್ನ ಸ್ಟೂಡೆಂಟ್‌ನ ಕೇಳು" ಎಂದು ಫೋನನ್ನು ನನ್ನ ಕಡೆ ಚಾಚಿದರು. ನಾನು ಕೈಗವಸು ತೋರಿಸಿ ತಪ್ಪಿಸಿಕೊಂಡೆ.

ನಾನು ಸೇರಿದ ಹೊಸತರಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ, ಜೀವಕೋಶ ದಪ್ಪವಾಗುವುದು ಹೇಗೆ ಎಂಬುದು. ಹೊಸ ಪ್ರೋಟೀನುಗಳನ್ನು ಕಟ್ಟಿಕೊಳ್ಳುವುದರಿಂದ ಎಂದೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಬಂದಿತ್ತು.

"ನಮ್ಮ ಬೀದಿಗೆ ದಿನಾ ಬೆಳಿಗ್ಗೆ ಹಾಡು ಹಾಕ್ಕೊಂಡು ಕಸದ ಗಾಡಿ ಬರತ್ತೆ," ಎಂದರು ಅವರು. "ಒಂದು ವಾರ ಬರಲಿಲ್ಲ ಅಂತ ಇಟ್ಕೋ. ನಾನೇನೂ ಜಾಸ್ತಿ ಸಾಮಾನು ತಂದಿಲ್ಲ. ಮನೆ ಏನಾಗತ್ತೆ?"

"ತುಂಬುತ್ತೆ."

"ಹೊರಗಡೆ ನಿಂತು ನೋಡಿದೋರು, ಪರವಾಗಿಲ್ಲ, ಮೇಡಂ ಮನೆ ಬೆಳೀತಿದೆ ಅಂತಾರೆ. ಒಳಗಿದ್ದೋರಿಗೆ ಗೊತ್ತು."

ಅವರ ಇಪ್ಪತ್ತು ಚಿಲ್ಲರೆ ವರ್ಷಗಳ ಕೆಲಸ ಈ ಮಾತಿನಲ್ಲಿ ಅಡಗಿತ್ತು. ಜೀವಕೋಶದೊಳಗೆ ಹಳೆಯ ಪ್ರೋಟೀನುಗಳನ್ನು ಕತ್ತರಿಸಿ ಒಡೆಯುವ ಕಿಣ್ವಗಳಿವೆ. ಕಸದ ಗಾಡಿ ಎಂದರೆ ಅವೇ. ಕೆಲವು ಗ್ರೋತ್ ಫ್ಯಾಕ್ಟರ್‌ಗಳು ಮೂತ್ರಪಿಂಡದ ಜೀವಕೋಶಕ್ಕೆ ತಗುಲಿದಾಗ ಈ ಕಿಣ್ವಗಳ ಕೆಲಸ ತಗ್ಗುತ್ತದೆ. ಕಟ್ಟುವುದು ಹೆಚ್ಚದಿದ್ದರೂ ಒಡೆಯುವುದು ಕಡಿಮೆಯಾಗಿ ಜೀವಕೋಶ ಊದಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಮೂತ್ರಪಿಂಡ ಸೋಲುವುದಕ್ಕೆ ಎಷ್ಟೋ ಮೊದಲು ದೊಡ್ಡದಾಗುತ್ತದೆ. ಅದರಲ್ಲಿ ಇದರ ಪಾಲೂ ಇರಬಹುದು. 'ಇರಬಹುದು' ಎಂಬುದನ್ನು ಮೇಡಂ ಎಂದೂ ಬಿಟ್ಟು ಮಾತಾಡುತ್ತಿರಲಿಲ್ಲ. ನನ್ನ ಬರಹದಲ್ಲಿ ಅದು ಇಲ್ಲದ ಕಡೆಗಳಲ್ಲೆಲ್ಲ ಪೆನ್ಸಿಲಿನಲ್ಲಿ ಸೇರಿಸಿ ಕೊಡುತ್ತಿದ್ದರು.

ಅವರ ಕೈಗಳು ನನಗೆ ಮುಖಕ್ಕಿಂತ ಚೆನ್ನಾಗಿ ನೆನಪಿವೆ. ಬಾಟಲಿಯೊಂದನ್ನು ಇನ್‌ಕ್ಯುಬೇಟರಿನಿಂದ ತೆಗೆದರೆ ಮಗುವಿಗೆ ಜ್ವರವಿದೆಯೇ ಎಂದು ನೋಡುವಂತೆ ಕೈಬೆರಳುಗಳ ಹಿಂಬದಿಯನ್ನು ತಾಗಿಸುತ್ತಿದ್ದರು. ಯಂತ್ರದ ಮೇಲೆ ಉಷ್ಣತೆ ಅಂಕಿಯಲ್ಲಿ ಕಾಣುತ್ತಿತ್ತು. ಅದನ್ನೂ ನೋಡುತ್ತಿದ್ದರು, ಆದರೆ ಆಮೇಲೆ. ಯಾವ ಟ್ಯೂಬ್ ಕೈಗೆ ಬಂದರೂ ಒಮ್ಮೆ ಅಲ್ಲಾಡಿಸಿ ಕಿಟಕಿಯ ಬೆಳಕಿಗೆ ಹಿಡಿಯುವುದು ಇನ್ನೊಂದು ಅಭ್ಯಾಸ. ಕನ್ನಡಕ ಆ ಹೊತ್ತಿಗೆ ಹಣೆಯ ಮೇಲಿರುತ್ತಿತ್ತು.

ಜೀವಕೋಶಗಳನ್ನು ಹೆಪ್ಪುಗಟ್ಟಿಸಿ ವರ್ಷಗಟ್ಟಲೆ ಕಾಪಿಡಲು ಅತಿ ತಣ್ಣನೆಯ ದ್ರವ ಸಾರಜನಕ ಬೇಕು. ನಮಗೆ ಅದು ಸಿಗುತ್ತಿದ್ದದ್ದು ದನಗಳ ಕೃತಕ ಗರ್ಭಧಾರಣೆಯ ಕೆಲಸ ಮಾಡುವವರ ಬಳಿ. ಮೇಡಂ ಪಶುವೈದ್ಯರೊಬ್ಬರ ಪರಿಚಯ ಇಟ್ಟುಕೊಂಡಿದ್ದರು. ದೊಡ್ಡ ಕ್ಯಾನನ್ನು ಆಟೋದಲ್ಲಿ ನಮ್ಮಿಬ್ಬರ ಕಾಲುಗಳ ನಡುವೆ ಇಟ್ಟುಕೊಂಡು ತರುತ್ತಿದ್ದೆವು. ಅಂಥ ಕ್ಯಾನುಗಳನ್ನು ಬಲ್ಲ ಆಟೋದವನೊಬ್ಬ ಕನ್ನಡಿಯಲ್ಲಿ ನೋಡಿ ಕೇಳಿದ:

"ಯಾವ ತಳಿ ಮೇಡಂ? ಜರ್ಸಿನಾ, ಎಚ್ಚೆಫ್ಫಾ?"

"ಇಲಿ."

ಅವನು ಒಂದು ಹಂಪ್ ದಾಟಿಸಿ ಮತ್ತೆ ಕನ್ನಡಿ ನೋಡಿದ. "ಇಲಿಗೂ ಇಂಜೆಕ್ಷನ್ ಮಾಡ್ಸ್ತಾರಾ ಈಗ?"

"ಇಲ್ಲಪ್ಪ. ಆ ವಿಷಯದಲ್ಲಿ ಅವು ತಮ್ಮದು ತಾವೇ ನೋಡ್ಕೊಳ್ತಾವೆ."

ನಾನು ಹೊರಗಡೆ ನೋಡುತ್ತ ಕೂತಿದ್ದೆ.

ಅವರು ಯಾರನ್ನೂ ಗದರಿದ್ದು ನನಗೆ ಗೊತ್ತಿಲ್ಲ. ಗ್ರಾಫ್ ಹಿಡಿದುಕೊಂಡು ಹೋದರೆ ಎರಡೇ ಮಾತು. "ಚೆಂದ ಇದೆ. ನಿಜಾನಾ?" ಮೊದಲ ಮಾತಿಗೆ ಹಿಗ್ಗಿ ಎರಡನೆಯದಕ್ಕೆ ಕುಗ್ಗುವುದು ಹೊಸಬರ ಲಕ್ಷಣ. ಎರಡನೇ ವರ್ಷದ ಹೊತ್ತಿಗೆ ನಾನು ಮೊದಲನೆಯದನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದೆ.

ಇನ್ನು ಅಕ್ಷರಗಳ ವಿಷಯ. ಪ್ರಯೋಗಾಲಯದಲ್ಲಿ ಒಂದೇ ಬಣ್ಣದ ಎರಡು ದ್ರಾವಣಗಳಿರುತ್ತಿದ್ದವು. ಒಂದರಲ್ಲಿ ಸೀರಮ್ ಇದೆ, ಇನ್ನೊಂದರಲ್ಲಿ ಇಲ್ಲ. ನೋಡಿದರೆ ಗೊತ್ತಾಗುವುದಿಲ್ಲ. ಮೊದಲು ಬಾಟಲಿಯ ಮುಚ್ಚಳಗಳ ಮೇಲೆ ಇಂಗ್ಲಿಷಿನ ಎಸ್ ಬರೆದು ಪಕ್ಕದಲ್ಲಿ ಪ್ಲಸ್ ಅಥವಾ ಮೈನಸ್ ಹಾಕುತ್ತಿದ್ದರಂತೆ. ಆದರೆ ಧೂಳು, ಸೂಕ್ಷ್ಮಜೀವಿ ಸೇರದಂತೆ ಕೆಲಸ ಮಾಡುವ ಗಾಜಿನ ಪೆಟ್ಟಿಗೆಯೊಳಗೆ ಇಡುವ ಮೊದಲು ಪ್ರತಿ ಬಾಟಲಿಯನ್ನೂ ಸ್ಪಿರಿಟ್ ಹಚ್ಚಿ ಒರೆಸಬೇಕು. ಒರೆಸಿ ಒರೆಸಿ ಪ್ಲಸ್ಸಿನ ಉದ್ದಗೆರೆ ಹೋದರೆ ಮೈನಸ್ ಉಳಿಯುತ್ತದೆ. ಹಾಗೆ ಒಮ್ಮೆ ಎಡವಟ್ಟಾದ ಮೇಲೆ ಮೇಡಂ ಕನ್ನಡಕ್ಕೆ ಬಂದರು. ಸೀರಮ್ ಇಲ್ಲದ್ದಕ್ಕೆ ಉ, ಅಂದರೆ ಉಪವಾಸ. ಸೀರಮ್ ಇದ್ದದ್ದಕ್ಕೆ ಊ, ಅಂದರೆ ಊಟ. ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಮುಚ್ಚಳಗಳನ್ನು ನೋಡಿ ಇದೇನು ಎಂದಾಗ, "ನಮ್ಮ ಪೇಟೆಂಟು ಸಾರ್. ಬೇರೆ ರಾಜ್ಯದೋರು ಕದಿಯೋಕಾಗಲ್ಲ" ಎಂದಿದ್ದರು.

ಉ ಮತ್ತು ಊಗಳ ನಡುವಿನ ವ್ಯತ್ಯಾಸ ಒಂದು ಬಾಲ. ಪ್ಲಸ್ಸಿನ ಗೆರೆಗೆ ಆದ ಗತಿ ಬಾಲಕ್ಕೂ ಆಗಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಆಇಈ ಕಲಿತವರ ಕಣ್ಣು ಅದನ್ನು ತಾನಾಗಿ ಗುರುತಿಸುತ್ತದೆ ಎಂಬ ಭರವಸೆ ಇದ್ದಿರಬೇಕು.

ನನ್ನ ಪ್ರಬಂಧದ ಮುಖ್ಯ ಭಾಗ ಒಂದು ಗ್ರೋತ್ ಫ್ಯಾಕ್ಟರಿನ ಬಗ್ಗೆ. ಅದನ್ನು ಬೇರೆಬೇರೆ ಪ್ರಮಾಣದಲ್ಲಿ ಉಪವಾಸದ ಜೀವಕೋಶಗಳಿಗೆ ಕೊಟ್ಟು, ಪ್ರೋಟೀನ್ ಒಡೆಯುವ ಕಿಣ್ವಗಳ ಕೆಲಸ ಎಷ್ಟು ತಗ್ಗಿತೆಂದು ಅಳೆಯುವುದು. ಕಿಣ್ವ ಕತ್ತರಿಸಿದರೆ ಹೊಳೆಯುವ ಒಂದು ವಸ್ತುವಿದೆ. ಹೊಳಪು ಕಡಿಮೆಯಾದರೆ ಕಿಣ್ವದ ಕೆಲಸ ಕಡಿಮೆಯಾಗಿದೆ ಎಂದರ್ಥ. ನಮ್ಮ ತಟ್ಟೆಗಳಲ್ಲಿ ತೀರಾ ಕಡಿಮೆ ಪ್ರಮಾಣದಲ್ಲೇ ಹೊಳಪು ಅರ್ಧಕ್ಕೂ ಕೆಳಗೆ ಬಿತ್ತು. ಯಾರೂ ಇಷ್ಟನ್ನು ನಿರೀಕ್ಷಿಸಿರಲಿಲ್ಲ. ಮತ್ತೆ ಮಾಡಿದೆ, ಹಾಗೇ ಬಂತು. ಮೇಡಂ "ನಿಜಾನಾ?" ಎಂದು ಕೇಳಿದರು, ಮತ್ತೆ ಮಾಡಿಸಿದರು, ಕೊನೆಗೆ ಕೇಳುವುದನ್ನು ನಿಲ್ಲಿಸಿದರು. ಲೇಖನ ಬರೆದು ಕಳಿಸಿದೆವು. ಒಂದು ಒಳ್ಳೆಯ ಪತ್ರಿಕೆ ಅದನ್ನು ಒಪ್ಪಿಕೊಂಡಿತು.

ಆಗ ಮೇಡಂ ಅವರ ನಿವೃತ್ತಿಗೆ ಕೆಲವೇ ತಿಂಗಳುಗಳಿದ್ದವು. ಅಷ್ಟರಲ್ಲಿ ನಾನು ಪ್ರಬಂಧ ಸಲ್ಲಿಸದಿದ್ದರೆ ನನ್ನನ್ನು ಬೇರೆ ಮಾರ್ಗದರ್ಶಕರ ಕೆಳಗೆ ಹಾಕಬೇಕಾಗುತ್ತಿತ್ತು. ಭದ್ರಾವತಿಯ ಒಂದು ಕಾಲೇಜಿನವರು, ಪದವಿ ಕೈಯಲ್ಲಿದ್ದರೆ ಜೂನಿನಿಂದ ಉಪನ್ಯಾಸಕಿಯಾಗಿ ಬರಬಹುದು ಎಂದು ಹೇಳಿದ್ದರು. ಮನೆಯಿಂದ ನಡೆದು ಹೋಗುವಷ್ಟು ದೂರ. ಅಮ್ಮ ಆಗಲೇ ಹೊಸ ಟಿಫಿನ್ ಡಬ್ಬಿ ತಂದಿಟ್ಟಿದ್ದಳು.

ಒಂದು ಮಧ್ಯಾಹ್ನ, ಪ್ರಬಂಧಕ್ಕೆ ಬೇಕಾದ ಒಂದು ಸಣ್ಣ ಪ್ರಯೋಗಕ್ಕಾಗಿ ಮೇಡಂ ಗ್ರೋತ್ ಫ್ಯಾಕ್ಟರಿನ ಟ್ಯೂಬ್ ಒಂದನ್ನು ಫ್ರೀಜರಿನಿಂದ ತೆಗೆದು ಕರಗಿಸಿದರು. ಆ ಗ್ರೋತ್ ಫ್ಯಾಕ್ಟರನ್ನು ಉಪವಾಸದ ದ್ರಾವಣದಲ್ಲಿ ಅಲ್ಲಾಡಿಸದೆ ಮೆಲ್ಲಗೆ ಬೆರೆಸಿ, ಇಡೀ ಕೆಲಸಕ್ಕೆ ಸಾಲುವಷ್ಟು ಟ್ಯೂಬುಗಳಲ್ಲಿ ಹಂಚಿಟ್ಟವರು ಅವರೇ. ತುಂಬ ದುಬಾರಿ ಪದಾರ್ಥ ಎಂದು ಆ ಬೆರೆಸುವ ಕೆಲಸವನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತಿರಲಿಲ್ಲ. ಹಂಚಿಟ್ಟ ಟ್ಯೂಬುಗಳನ್ನು ಸಾಮಾನ್ಯವಾಗಿ ಕರಗಿಸುತ್ತಿದ್ದವಳೂ ಬಳಸುತ್ತಿದ್ದವಳೂ ನಾನು. ನನಗೆ ಅಲ್ಲಾಡಿಸುವ ಅಭ್ಯಾಸವಿಲ್ಲ. ಅಂಥ ಪದಾರ್ಥವನ್ನು ಅಲ್ಲಾಡಿಸಬಾರದೆಂದು ಸೂಚನೆಯಲ್ಲೇ ಇರುತ್ತದೆ. ಆ ದಿನ ಟ್ಯೂಬ್ ಅವರ ಕೈಯಲ್ಲಿತ್ತು, ಕೈ ತನ್ನ ಅಭ್ಯಾಸದಂತೆ ಅಲ್ಲಾಡಿಸಿತು. ಕನ್ನಡಕ ಹಣೆಗೇರಿತು.

"ಬಾ ಇಲ್ಲಿ" ಎಂದರು.

ಟ್ಯೂಬಿನೊಳಗೆ ಮೇಲ್ಗಡೆ ನೊರೆ ನಿಂತಿತ್ತು. ಬೇಳೆ ಬೇಯುವಾಗ ಬರುವಂಥ, ಸಣ್ಣ ಗುಳ್ಳೆಗಳ, ಹೋಗದ ನೊರೆ. ಉಪವಾಸದ ದ್ರಾವಣದಲ್ಲಿ ಪ್ರೋಟೀನ್ ಇರುವುದಿಲ್ಲ. ಅಲ್ಲಾಡಿಸಿದರೆ ಗುಳ್ಳೆ ಎದ್ದು ಆಗಲೇ ಒಡೆದುಹೋಗುತ್ತದೆ. ಗ್ರೋತ್ ಫ್ಯಾಕ್ಟರ್ ತಾನೂ ಪ್ರೋಟೀನೇ, ಆದರೆ ಅದನ್ನು ನಾವು ಹಾಕುತ್ತಿದ್ದದ್ದು ನೊರೆ ಬರುವಷ್ಟಲ್ಲ. ಇಷ್ಟು ನೊರೆ ಬರಬೇಕಾದರೆ ಪ್ರೋಟೀನ್ ತುಂಬಿದ ಸೀರಮ್ ಇರಬೇಕು.

ನಾವಿಬ್ಬರೂ ನೊರೆಯನ್ನು ನೋಡುತ್ತ ನಿಂತೆವು. ಅದು ಇಳಿಯಲಿಲ್ಲ.

"ಇನ್ನೊಂದು ತೆಗಿ."

ಇನ್ನೊಂದರಲ್ಲೂ ಅಷ್ಟೇ. ಮೂರನೆಯದರಲ್ಲೂ. ಮೇಡಂ ಫ್ರಿಜ್ಜಿನೊಳಗೆ ಹಿಂದಿನವರೆಗೂ ಕೈಹಾಕಿ, ಆ ಟ್ಯೂಬುಗಳನ್ನು ಮಾಡುವಾಗ ಬಳಸಿದ್ದ ಬಾಟಲಿಯನ್ನು ಹುಡುಕಿ ತೆಗೆದರು. ತಳದಲ್ಲಿ ಸ್ವಲ್ಪ ಉಳಿದಿತ್ತು. ಮುಚ್ಚಳದ ಮೇಲೆ ಅವರದೇ ಕೈಬರಹದ ಉ. ಕಿಟಕಿಯ ಹತ್ತಿರ ಓರೆಯಾಗಿ ಹಿಡಿದಾಗ ಅದರ ಬಲಕ್ಕೆ, ನೀರು ಒಣಗಿದ ಕಲೆಯಂತೆ, ಒಂದು ಬಾಲ ಕಾಣಿಸಿತು.

"ಇದು ಉಪವಾಸ ಅಲ್ಲ ಕಣಮ್ಮ," ಎಂದರು. "ಊಟ ಮಾಡಿ ಬಾಯಿ ಒರೆಸಿಕೊಂಡಿದೆ."

ಅಂದರೆ ನಾನು ಗ್ರೋತ್ ಫ್ಯಾಕ್ಟರ್ ಎಂದು ಕೊಟ್ಟ ಪ್ರತಿ ಹನಿಯ ಜೊತೆಗೂ ಸೀರಮ್ ಹೋಗಿತ್ತು. ಕಿಣ್ವಗಳನ್ನು ತಗ್ಗಿಸಿದ್ದು ನಮ್ಮ ಒಂದು ಗ್ರೋತ್ ಫ್ಯಾಕ್ಟರೋ, ಸೀರಮ್‌ನ ಹಲವಾರೋ, ಹೇಳಲು ಬರುತ್ತಿರಲಿಲ್ಲ. ಒಪ್ಪಿಗೆಯಾದ ಲೇಖನದಲ್ಲಿ ಒಂದೇ ಎಂದು ಬರೆದಿತ್ತು.

ವಿಭಾಗದ ಮುಖ್ಯಸ್ಥರಿಗೆ ಮೇಡಂ ಅಂದೇ ಹೇಳಿದರು. ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮುಖ್ಯಸ್ಥರು ಕೆಟ್ಟವರಲ್ಲ. ನನಗೆ ಕುರ್ಚಿ ತೋರಿಸಿ, ಬಾಗಿಲು ಹಾಕಿ ಮಾತಾಡಿದರು.

"ನೋಡಿ ಮೇಡಂ, ಕಿಣ್ವ ಕಡಿಮೆ ಆಗೋದಂತೂ ಹೌದಲ್ಲ? ದಿಕ್ಕು ಸರಿ ಇದೆ. ಪ್ರಮಾಣ ಒಂಚೂರು ಆಚೆ ಈಚೆ. ನೀವು ರಿಟೈರ್ ಆಗೋ ಟೈಮು. ಈ ಹುಡುಗಿ ಕೆಲಸದ್ದು ನೋಡಿ. ಹೊರಗೆ ಯಾರಿಗೆ ಗೊತ್ತಾಗತ್ತೆ?"

"ಉಪವಾಸ ಇದ್ವು ಅಂತ ಬರೆದಿದ್ದೀವಿ ಸಾರ್. ಇರಲಿಲ್ಲ."

"ಅಷ್ಟೇ ತಾನೆ?"

"ಅಷ್ಟೇ. ಶಿವರಾತ್ರಿ ದಿನ ಉಪ್ಪಿಟ್ಟು ತಿನ್ನೋಳು ನಾನು, ಅದರ ಬಗ್ಗೆ ನನಗೆ ನಾಚಿಕೆ ಇಲ್ಲ. ತಿಂದು ಉಪವಾಸ ಅಂತ ಬರೆದು ಅಚ್ಚು ಹಾಕಿಸೋಕೆ ಮಾತ್ರ ಆಗಲ್ಲ."

ಹೊರಗೆ ಬಂದು, ತಮ್ಮ ಕೊಠಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು, ಲೇಖನವನ್ನು ಹಿಂದಕ್ಕೆ ಪಡೆಯುವ ಪತ್ರ ಬರೆದರು. ಮೂರು ಸಾಲು. ತಪ್ಪು ನನ್ನದು, ವಿದ್ಯಾರ್ಥಿನಿಯದಲ್ಲ ಎಂಬುದು ಎರಡನೆಯ ಸಾಲಿನಲ್ಲಿತ್ತು. ಕಳಿಸುವ ಮೊದಲು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು.

"ನಿನ್ನ ಹೆಸರೂ ಇದೆ ಇದರಲ್ಲಿ. ಜೂನ್ ಹೋಗತ್ತೆ. ನೀನು ಬೇಡ ಅಂದ್ರೆ ಇವತ್ತು ಕಳ್ಸಲ್ಲ, ಮನೇಲಿ ಮಾತಾಡ್ಕೊಂಡು ಬಾ."

"ಕಳಿಸಿ ಮೇಡಂ" ಎಂದೆ. ಕಂಡಕ್ಟರಿಗೆ ಊರ ಹೆಸರು ಹೇಳುವ ದನಿಯಲ್ಲಿ ಹೇಳಿದ್ದೆ ಎಂದು ನೆನಪು. ಆ ಸಂಜೆ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತ್ತು. ಭದ್ರಾವತಿ ಬರುವವರೆಗೂ ಅಮ್ಮನಿಗೆ ಹೇಳಬೇಕಾದ ವಾಕ್ಯವನ್ನು ಕಟ್ಟುತ್ತಿದ್ದೆ. ಅದು ಸರಿಯಾಗಿ ಬರಲಿಲ್ಲ. ಜೂನಿನಲ್ಲಿ ಆ ಕೆಲಸ ಬೇರೆಯವರಿಗೆ ಹೋಯಿತು.

ಮುಂದಿನ ವಾರದ ವಿಭಾಗದ ಸಭೆಯಲ್ಲಿ ಮೇಡಂ ಬೋರ್ಡಿನ ಮೇಲೆ ದೊಡ್ಡದಾಗಿ ಉ ಬರೆದು, ಪಕ್ಕದಲ್ಲಿ ಊ ಬರೆದು, ಬೆರಳಿನಿಂದ ಅದರ ಬಾಲ ಒರೆಸಿ ತೋರಿಸಿದರು. "ಪ್ಲಸ್ಸು ಅಳಿಸತ್ತೆ ಅಂತ ಬುದ್ಧಿವಂತಿಕೆ ಮಾಡಿದೆ. ಬುದ್ಧಿವಂತಿಕೆಗೂ ಬಾಲ ಇತ್ತು." ಎಂಎಸ್ಸಿ ಮಕ್ಕಳು ನಕ್ಕರು. ಅವರೂ ನಕ್ಕರು. ಸೀಮೆಸುಣ್ಣ ಹತ್ತಿದ ಬೆರಳನ್ನು ಮಾತ್ರ ಸೆರಗಿಗೆ ಬಹಳ ಹೊತ್ತು ಒರೆಸುತ್ತಿದ್ದರು.

ಅಲ್ಲಿಂದ ಮುಂದೆ ಪ್ರಯೋಗಾಲಯದಲ್ಲಿ ಒಂಟಿ ಅಕ್ಷರಗಳು ಇರಲಿಲ್ಲ. ಪ್ರತಿ ಬಾಟಲಿಯ ಮೇಲೂ ಪೂರ್ತಿ ಪದ, ಪದದ ಮೇಲೆ ಸ್ಪಿರಿಟ್ ತಾಗದಂತೆ ಸೆಲ್ಲೋಟೇಪು. ನೀರಿನ ಬಾಟಲಿಯ ಮೇಲೆ ಸಹ 'ನೀರು'. ನನ್ನನ್ನು ಕಾಗದದ ಮೇಲೆ ಇನ್ನೊಬ್ಬ ಮಾರ್ಗದರ್ಶಕರಿಗೆ ಒಪ್ಪಿಸಲಾಯಿತು. ಮೇಡಂ ನಿವೃತ್ತರಾದ ಮೇಲೂ ವಿನೋಬನಗರದಿಂದ ಬಂದು, ಅತಿಥಿಗಳ ಸ್ಟೂಲಿನ ಮೇಲೆ ಕೂತು, ನಾನು ಎಲ್ಲವನ್ನೂ ಮೊದಲಿನಿಂದ ಮಾಡುವುದನ್ನು ನೋಡುತ್ತಿದ್ದರು. ಪದಾರ್ಥವನ್ನು ಮುಟ್ಟುತ್ತಿರಲಿಲ್ಲ. ಕೊನೆಗೆ ಬಂದ ಫಲಿತಾಂಶ ಇದು: ಕಡಿಮೆ ಪ್ರಮಾಣದಲ್ಲಿ ಏನೂ ಇಲ್ಲ. ಹೆಚ್ಚಿನ ಪ್ರಮಾಣದಲ್ಲಿ ಕಿಣ್ವಗಳ ಕೆಲಸ ನಿಧಾನವಾಗಿ, ಸ್ವಲ್ಪ ಮಾತ್ರ ತಗ್ಗುತ್ತದೆ. ಗ್ರಾಫಿನ ಗೆರೆ ಬೀಳುವುದಿಲ್ಲ, ಬಾಗುತ್ತದೆ ಅಷ್ಟೆ.

ಮೇಡಂ ಅದನ್ನು ಬಹಳ ಹೊತ್ತು ನೋಡಿದರು. "ಚೆಂದ ಇಲ್ಲ" ಎಂದರು. ನಾನು ಎರಡನೇ ಮಾತಿಗೆ ಕಾದೆ. ಅವರು ಕಾಗದವನ್ನು ಮಡಿಸದೆ, ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟರು.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಇಷ್ಟು ಸಣ್ಣ ಪರಿಣಾಮಕ್ಕೆ ಏನರ್ಥ ಎಂದು ಕೇಳಿದರು. ಮೂತ್ರಪಿಂಡದಲ್ಲಿ ಇಷ್ಟೇ ವರ್ಷಗಟ್ಟಲೆ ನಡೆದರೆ ಅದು ಸಣ್ಣದಲ್ಲದೆ ಇರಬಹುದು ಎಂದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಮೇಡಂ 'ಇರಬಹುದು' ಎಂಬಲ್ಲಿ ತಲೆಯಾಡಿಸಿದರು. ಪದವಿ ಬಂತು. ಈಗ ನಾನು ಭದ್ರಾವತಿಯಲ್ಲೇ ಪಾಠ ಮಾಡುತ್ತಿದ್ದೇನೆ. ಬೇರೆ ಕಾಲೇಜು, ಎರಡು ಬಸ್ ಹಿಡಿಯಬೇಕು.

ವಿನೋಬನಗರದ ಮನೆ ಖಾಲಿ ಮಾಡುವ ದಿನ ನನ್ನನ್ನು ಕರೆದವರು ಮೇಡಂ ಅವರ ತಮ್ಮ. ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಮಾಡಿ ನಿವೃತ್ತರಾದವರು. ಪುಸ್ತಕಗಳಲ್ಲಿ ಬೇಕಾದ್ದು ತೆಗೆದುಕೊಳ್ಳಿ ಎಂದರು. ನಾನು ಎರಡು ತೆಗೆದುಕೊಂಡೆ. ಆಮೇಲೆ ಅಡುಗೆಮನೆಗೆ ಕರೆದು, ದನಿ ತಗ್ಗಿಸಿದರು.

"ನೀವು ಅಕ್ಕನ ಜೊತೆ ಇದ್ದೋರು, ಅದಕ್ಕೆ ಕೇಳ್ತೀನಿ. ಕೊನೆಕೊನೆಗೆ ಅವಳಿಗೆ ಮರೆವು ಜಾಸ್ತಿ ಆಗಿತ್ತಾ? ನಮಗೊಂದು ಮಾತು ಹೇಳಲಿಲ್ಲ ಅವಳು."

ಕಟ್ಟೆಯ ಮೇಲೆ ಗಾಜಿನ ಡಬ್ಬಿಗಳ ಸಾಲಿತ್ತು. ಒಳಗಿದ್ದದ್ದು ಹೊರಗೆ ಕಾಣುತ್ತಿತ್ತು. ಆದರೂ ಪ್ರತಿಯೊಂದರ ಮೇಲೂ ದಪ್ಪ ಅಕ್ಷರದಲ್ಲಿ ಪೂರ್ತಿ ಪದ, ಅದರ ಮೇಲೆ ಸೆಲ್ಲೋಟೇಪು. ಉದ್ದಿನಬೇಳೆ. ತೊಗರಿಬೇಳೆ. ಸಕ್ಕರೆ. ಉಪ್ಪು.

"ಉಪ್ಪಿನ ಡಬ್ಬಿಗೆ ಉಪ್ಪು ಅಂತ ಬರೆದಿದಾಳೆ ನೋಡಿ," ಎಂದರು ಅವರು. "ನಮ್ಮನೆಯವಳು ಇದನ್ನ ನೋಡಿ ಅತ್ತುಬಿಟ್ಳು. ಪಾಪ, ಒಬ್ಬಳೇ ಏನು ಕಷ್ಟಪಟ್ಟಳೋ ಅಂತ."

ನಾನು ಹೆಚ್ಚು ಮಾತಾಡುವವಳಲ್ಲ. ಅಲ್ಲೇ ಕಟ್ಟೆಗೆ ಒರಗಿ ನಿಂತು ಎಲ್ಲವನ್ನೂ ಹೇಳಿದೆ. ಉಪವಾಸ, ಊಟ, ಬಾಲ, ನೊರೆ, ಹಿಂದಕ್ಕೆ ಪಡೆದ ಲೇಖನ. ಅವರಿಗೆ ಕಿಣ್ವ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಬಾಲ ಅರ್ಥವಾಯಿತು. ಅಂಗೈ ಮೇಲೆ ಬೆರಳಿನಿಂದ ಒಂದು ಉ ಬರೆದುಕೊಂಡು, ಅದಕ್ಕೆ ಬಾಲ ಸೇರಿಸಿ ನೋಡಿದರು.

"ಹಂಗಾದ್ರೆ ಮರೆವಲ್ಲ."

"ಅಲ್ಲ."

 ಅವರು ಉಪ್ಪಿನ ಡಬ್ಬಿಯನ್ನು ಕೈಗೆ ತೆಗೆದುಕೊಂಡು, ಒಮ್ಮೆ ಅಲ್ಲಾಡಿಸಿ, ಕಿಟಕಿಯ ಬೆಳಕಿಗೆ ಹಿಡಿದರು. ಮುಚ್ಚಳ ತೆಗೆದು ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡರು.

"ಉಪ್ಪೇ" ಎಂದರು.